ಸನ್ನತಿಯ ಕಲ್ಲು ಹೇಳುವ ಮಾತು



ಕಲಬುರಗಿ ಜಿಲ್ಲೆಯ ಸನ್ನತಿ ಭೀಮಾ ನದಿಯ ದಂಡೆಯಲ್ಲಿದೆ. ಚಂದ್ರಲಾಂಬೆಗೆ ನಡೆದುಕೊಳ್ಳುವವರಿಗೆ ಈ ಊರು ಗೊತ್ತಿರುತ್ತದೆ. 1980ರ ದಶಕದಲ್ಲಿ ಆ ದೇವಿಯ ಗುಡಿಯ ಆವರಣದಲ್ಲಿದ್ದ ಕಾಳಿಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠಕ್ಕೆ ಹಾಕಿದ್ದ ಚಪ್ಪಡಿಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಓದಿ ನೋಡಿದರೆ ಅಶೋಕನ ಶಾಸನ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಒಂದು ಮಗ್ಗುಲಲ್ಲಿ ಅವನ ಬಂಡೆಶಾಸನಗಳ ಸಾಲಿನ 12 ಮತ್ತು 14ನೆಯ ಶಾಸನಗಳು, ಇನ್ನೊಂದು ಮಗ್ಗುಲಲ್ಲಿ ಅಧಿಕಾರಿಗಳಿಗೆಂದೇ ಬರೆಸಿದ ಎರಡು ಪ್ರತ್ಯೇಕ ಶಾಸನಗಳು. ಕಲ್ಲು ಜಖಂ ಆಗಿದೆ. ಆದರೆ ಇದೇ ಶಾಸನಗಳು ಬೇರೆ ಕಡೆಯೂ ಸಿಕ್ಕಿರುವುದರಿಂದ ವಿಷಯ ಸ್ಪಷ್ಟವಾಗಿ ತಿಳಿಯುತ್ತದೆ.

12ನೆಯ ಶಾಸನದ ವಿಷಯವೇ ನಾಲಿಗೆಯ ಮೇಲಿನ ಹಿಡಿತ. ದಾನಕ್ಕಿಂತ, ಸನ್ಮಾನಕ್ಕಿಂತ ಎಲ್ಲ ಪಂಥಗಳ ಸತ್ವ ಬೆಳೆಯುವುದು ದೊಡ್ಡದು, ಅದರ ಬೇರು ಇರುವುದು ಮಾತಿನ ಸಂಯಮದಲ್ಲಿ ಎನ್ನುತ್ತಾನೆ ಅಶೋಕ. ತನ್ನದನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯುವವನು ಕೊನೆಗೆ ಕೆಡಿಸುವುದು ತನ್ನ ಪಂಥವನ್ನೇ ಎಂಬ ಎಚ್ಚರಿಕೆಯೂ ಅಲ್ಲಿದೆ.

ನನಗೆ ಬಹಳ ಮುಖ್ಯ ಅನ್ನಿಸುವುದು ಅದರ ಇನ್ನೊಂದು ಅಂಶ. ಟೀಕೆಯೇ ಬೇಡ ಎಂದು ಅಶೋಕ ಹೇಳುವುದಿಲ್ಲ. ಸಂದರ್ಭವಿಲ್ಲದೆ ಹಳಿಯಬೇಡಿ, ಸಂದರ್ಭ ಬಂದಾಗಲೂ ಮಿತಿ ಇರಲಿ ಎನ್ನುತ್ತಾನೆ. ಮೃದುವಾಗಿ ಮಾತಾಡುವುದೆಂದರೆ ಎಲ್ಲಕ್ಕೂ ಹೂಂಗುಟ್ಟುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಗ ಗಣಿತದಲ್ಲಿ ಫೇಲಾಗಿ ಬಂದರೆ ಆ ಮಾತು ಆಡಲೇಬೇಕು. ಆದರೆ ಗಣಿತದ ಮಾತು ಗಣಿತಕ್ಕೇ ನಿಲ್ಲಲಿ. ಅವನ ಸೋಮಾರಿತನ, ಹೋದ ವರ್ಷದ ತಪ್ಪು, ಪಕ್ಕದ ಮನೆ ಹುಡುಗನ ಮಾರ್ಕ್ಸು ಎಲ್ಲವನ್ನೂ ಅದರ ಜೊತೆ ಎಳೆದು ತರಬಾರದು. ನೆಂಟರ ಎದುರಿಗಂತೂ ಬೇಡವೇ ಬೇಡ. ಗಂಡ ಹೆಂಡಿರ ನಡುವೆ, ಅತ್ತೆ ಸೊಸೆಯರ ನಡುವೆ ಜಗಳ ಬೆಳೆಯುವುದೂ ಹೀಗೇ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಶುರುವಾದದ್ದು ತವರುಮನೆಯ ತನಕ ಹೋಗುತ್ತದೆ.

ಈಗ ಕಲ್ಲಿನ ಇನ್ನೊಂದು ಮಗ್ಗುಲು. ಇಲ್ಲಿ ಅಶೋಕ ಮಾತಾಡುತ್ತಿರುವುದು ತನ್ನದೇ ಅಧಿಕಾರಿಗಳ ಜೊತೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ವಿನಾಕಾರಣ ಯಾರೂ ಸೆರೆಯಲ್ಲಿ ನರಳಬಾರದು ಎನ್ನುತ್ತಾನೆ. ಕೆಲಸ ಕೆಡಿಸುವ ಗುಣಗಳನ್ನೂ ಹೆಸರಿಸುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಆಲಸ್ಯ, ದಣಿವು. ಆತುರವನ್ನೂ ದಣಿವನ್ನೂ ಸಿಟ್ಟಿನ ಸಾಲಿನಲ್ಲೇ ಇಟ್ಟದ್ದು ಎಷ್ಟು ಸರಿ! ದಿನದ ಹೆಚ್ಚಿನ ಬಿರುನುಡಿಗಳು ದ್ವೇಷದಿಂದ ಬರುವುದಿಲ್ಲ, ಸುಸ್ತಾದ ಮೈಯಿಂದ, ಉದ್ದವಾದ ಸಾಲಿನಿಂದ ಬರುತ್ತವೆ.

ರೇಷನ್ ಅಂಗಡಿಯ ಮುಂದೆ ಒಂದು ಕ್ಷಣ ನಿಂತು ನೋಡಿ. ಹೊಲದಲ್ಲಿ ದುಡಿದ ಅಜ್ಜಿಯ ಬೆರಳಿನ ಗೆರೆಗಳು ಸವೆದಿರುತ್ತವೆ. ಹೆಬ್ಬೆಟ್ಟು ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಹಿಂದೆ ಸಾಲು ಬೆಳೆಯುತ್ತದೆ. "ಎಷ್ಟ್ ಸಲ ಹೇಳ್ಬೇಕು ನಿನಗ? ಸರಿಯಾಗಿ ಒತ್ತು!" ಎಂದರೆ ಆ ಕೈ ಇನ್ನಷ್ಟು ನಡುಗುತ್ತದೆ. "ಆಯಿ, ಕೈ ಒರೆಸ್ಕೋರಿ, ಇನ್ನೊಮ್ಮೆ ನೋಡೋಣು" ಎಂದರೂ ಯಂತ್ರ ಒಪ್ಪದೇ ಇರಬಹುದು. ಆದರೆ ಅಜ್ಜಿ ತಾನೇ ತಪ್ಪು ಮಾಡಿದೆ ಎಂದುಕೊಂಡು ಮನೆಗೆ ಹೋಗುವುದಿಲ್ಲ. ಈ ಎರಡನೆಯ ಮಾತಿಗೆ ಮೊದಲನೆಯದಕ್ಕಿಂತ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ಸಾಲಿನಲ್ಲಿ ನಿಂತವರಿಗೂ ತಾಳ್ಮೆ ಬೇಕು, ನಿಜ. ಆದರೆ ಹೊಣೆ ಎರಡೂ ಕಡೆ ಸಮ ಅಲ್ಲ. ಯಾರ ಕೈಯಲ್ಲಿ ಸೀಲು, ಸಹಿ, ಕೀಲಿಕೈ ಇದೆಯೋ ಅವರ ಮಾತಿಗೆ ತೂಕ ಹೆಚ್ಚು. ಸಾಲಿನಲ್ಲಿ ನಿಂತವನ ಒರಟು ಮಾತು ಅಲ್ಲಿಗೇ ಮುಗಿಯುತ್ತದೆ. ಕುರ್ಚಿಯ ಮೇಲಿದ್ದವನ ಒರಟು ಮಾತು ಕೇಳಿದವನು ಹಕ್ಕಿನ ಪಿಂಚಣಿ ಕೇಳುವುದಕ್ಕೂ ಮತ್ತೆ ಬರುವುದಿಲ್ಲ. ಇದನ್ನು ಅರಿತೇ ಇರಬೇಕು, ಒರಟಲ್ಲದ, ಸೌಮ್ಯ ಸ್ವಭಾವದ ಅಧಿಕಾರಿಯನ್ನು 5 ವರ್ಷಕ್ಕೊಮ್ಮೆ ತಪಾಸಣೆಗೆ ಕಳಿಸುತ್ತೇನೆ ಎಂದು ಅಶೋಕ ಬರೆಸಿದ. ಒಳ್ಳೆಯ ಮಾತನ್ನು ಬರೀ ಉಪದೇಶಕ್ಕೆ ಬಿಡದೆ ಆಡಳಿತದ ಕೆಲಸವಾಗಿ ಮಾಡಿದ.

ಒಡಿಶಾದ ಧೌಲಿಯಲ್ಲಿ ಅಧಿಕಾರಿಗಳಿಗೆ ಬರೆಸಿದ ಈ ಶಾಸನದ ಪಾಠ ಹೆಚ್ಚು ಚೆನ್ನಾಗಿ ಉಳಿದಿದೆ. ಇದನ್ನು ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನಗಳಲ್ಲಿ ಗಟ್ಟಿಯಾಗಿ ಓದಿ ಕೇಳಿಸಬೇಕು, ನಡುವೆಯೂ ಆಗಾಗ ಓದಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು ಅದರಲ್ಲಿದೆ. ಅದೇ ರೀತಿ ನಮ್ಮ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಬಸ್ ಡಿಪೋಗಳಲ್ಲಿ ಹೊಸಬರು ಕೆಲಸಕ್ಕೆ ಸೇರಿದಾಗ ನಿಯಮಗಳ ಜೊತೆಗೆ ಸನ್ನತಿಯ ಈ ಶಾಸನವನ್ನೂ ಕನ್ನಡದಲ್ಲಿ ಓದಿ ಹೇಳಬಹುದು. ಹತ್ತು ನಿಮಿಷ ಸಾಕು.