ಪಾಠದಲ್ಲಿರೋ ಪ್ರತಿ ಚಿತ್ರಕ್ಕೂ ಒಂದು ಕೆಲಸ ಕೊಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಾಳಿನ ಪರೀಕ್ಷೆಗೆ ಓದೋದನ್ನ ಮುಂದಕ್ಕೆ ಹಾಕಿ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಪಾಡ್‌ಕಾಸ್ಟ್‌ಗೆ ಸ್ವಲ್ಪ ವಿಚಿತ್ರವಾದದ್ದು. ಕಿವಿಗೆ ಮಾತ್ರ ಕೇಳಿಸೋ ಜಾಗದಲ್ಲಿ ಕೂತು ಚಿತ್ರಗಳ ಬಗ್ಗೆ ಮಾತಾಡೋಣ ಅಂತಿದ್ದೀನಿ. ಆನ್‌ಲೈನ್ ಪಾಠಗಳಲ್ಲಿ ಚಿತ್ರ ಯಾಕೆ ಹಾಕ್ತೀವಿ, ಯಾವಾಗ ಅದು ಕಲಿಯೋರಿಗೆ ಸಹಾಯ ಮಾಡುತ್ತೆ, ಯಾವಾಗ ಸುಮ್ನೆ ಡೇಟಾ ತಿನ್ನುತ್ತೆ ಅನ್ನೋದು.

"ನಾನೇನು ಮೇಷ್ಟ್ರಲ್ಲ, ನನಗ್ಯಾಕೆ ಇದು" ಅಂತ ಸ್ಕಿಪ್ ಮಾಡಬೇಡಿ. ಈಗ ಪಾಠ ಮಾಡೋರು ಶಾಲೇಲಿ ಮಾತ್ರ ಇಲ್ಲ. ದೀಕ್ಷಾ ವೇದಿಕೆ 2017ರಲ್ಲಿ ಶುರುವಾದ ಮೇಲೆ ಪಠ್ಯಪುಸ್ತಕದ ಒಳಗೇ ಕ್ಯೂಆರ್ ಕೋಡ್ ಬಂತು. ಅದರ ಆಚೆಗೆ ಯೂಟ್ಯೂಬ್‌ನಲ್ಲಿ ಟ್ಯೂಷನ್ ಹೇಳೋರಿದ್ದಾರೆ, ಟೆಲಿಗ್ರಾಂನಲ್ಲಿ ನೋಟ್ಸ್ ಪಿಡಿಎಫ್ ಹಾಕೋರಿದ್ದಾರೆ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋದು ಹೇಗೆ ಅಂತ ತಂಗಿಗೆ ಸ್ಕ್ರೀನ್‌ಶಾಟ್ ಕಳಿಸ್ತೀರಲ್ಲ, ಅದೂ ಪಾಠಾನೇ. ಆಫೀಸ್‌ನಲ್ಲಿ ಹೊಸಬರಿಗೆ ಅಂತ ಮಾಡೋ ಪಿಪಿಟಿನೂ ಪಾಠಾನೇ.

ನೇರವಾಗಿ ಒಂದು ಉದಾಹರಣೆಗೆ ಹೋಗೋಣ.

ಕಪ್ಪು ಹೂಡಿ ಹಾಕಿದ ಕಳ್ಳ

ನಮ್ಮೂರಿನ ಒಂದು ಸ್ವಸಹಾಯ ಸಂಘದಲ್ಲಿ ಸಣ್ಣ ಅಂಗಡಿ ಇಟ್ಕೊಂಡಿರೋ ಹೆಂಗಸರಿದ್ದಾರೆ. ತರಕಾರಿ, ರೊಟ್ಟಿ, ಬಳೆ, ಟೈಲರಿಂಗ್. ಆನ್‌ಲೈನ್ ಮೋಸದ ಬಗ್ಗೆ ಒಂದು ಪಿಡಿಎಫ್ ಪಾಠ ಅವರ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. "ನೀನು ಕಾಮರ್ಸ್ ಓದಿದ್ದೀಯಲ್ಲ, ಬಂದು ಸ್ವಲ್ಪ ಹೇಳ್ಕೊಡು" ಅಂದ್ರು. ಹೋದೆ.

ಮೊದಲ ಪುಟದಲ್ಲೇ ದೊಡ್ಡ ಫೋಟೋ. ಕತ್ತಲೆ ಕೋಣೆ, ಕಪ್ಪು ಹೂಡಿ ಹಾಕಿ ಮುಖ ಮುಚ್ಕೊಂಡಿರೋ ಒಬ್ಬ, ಎದುರಿಗೆ ಲ್ಯಾಪ್‌ಟಾಪ್, ಹಿಂದೆ ಹಸಿರು ಬಣ್ಣದಲ್ಲಿ ಸೊನ್ನೆ ಒಂದು ಸೊನ್ನೆ ಒಂದು. ನೀವೂ ನೂರು ಸಲ ನೋಡಿರ್ತೀರಿ. ಅದನ್ನ ನೋಡಿ ಒಬ್ಬರು ಅಂದ್ರು: "ಇಂಥೋನು ನಮ್ಮ ಅಂಗಡಿಗೆ ಬಂದ್ರೆ ನಾವೇ ಓಡಿಸ್ತೀವಿ ಬಿಡಪ್ಪ."

ಎಲ್ಲರೂ ನಕ್ರು. ಆದ್ರೆ ಅವರು ಹೇಳಿದ್ದು ತುಂಬಾ ಸರಿಯಾದ ಮಾತು. ಮೋಸ ಮಾಡೋನು ಹೂಡಿ ಹಾಕ್ಕೊಂಡು ಬರಲ್ಲ. ಅವನು ಫೋನ್‌ನಲ್ಲಿ "ಅಕ್ಕಾ, ನಮಸ್ಕಾರ" ಅಂತಾನೆ. ಐವತ್ತು ರೊಟ್ಟಿ ಆರ್ಡರ್ ಕೊಡ್ತಾನೆ. "ಅಡ್ವಾನ್ಸ್ ಹಾಕ್ತೀನಿ, ಒಂದು ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂತಾನೆ. ಕಳ್ಳ ಅಂದ್ರೆ ಕತ್ತಲೆ ಕೋಣೆಯೋನು ಅಂತ ಆ ಚಿತ್ರ ಕಲಿಸಿದ್ರೆ, ಈ ವಿನಯದ ದನಿ ಬಂದಾಗ ಅವರಿಗೆ ಅನುಮಾನವೇ ಬರಲ್ಲ. ಅಂದ್ರೆ ಆ ಚಿತ್ರ ಸುಮ್ನೆ ಜಾಗ ತಿನ್ನೋದಷ್ಟೇ ಅಲ್ಲದೆ ತಪ್ಪು ಪಾಠವನ್ನೂ ಹೇಳ್ಕೊಡ್ತಾ ಇದೆ.

ಇನ್ನು ಅದರ ಕೆಳಗಿನ ವಾಕ್ಯ. "ಬಳಕೆದಾರರು ತಮ್ಮ ಗೌಪ್ಯ ಸಂಖ್ಯೆಯನ್ನು ಅನಧಿಕೃತ ವ್ಯಕ್ತಿಗಳೊಂದಿಗೆ ಹಂಚಿಕೊಳ್ಳತಕ್ಕದ್ದಲ್ಲ" ಅನ್ನೋ ಥರ ಇತ್ತು. ಭಾಷೆ ಕಷ್ಟ, ಅದು ಒಂದು ಸಮಸ್ಯೆ. ಅದಕ್ಕಿಂತ ದೊಡ್ಡ ಸಮಸ್ಯೆ ಏನಂದ್ರೆ, ಈ ಮೋಸದಲ್ಲಿ ಯಾರೂ ಪಿನ್ ಹಂಚಿಕೊಳ್ಳೋದೇ ಇಲ್ಲ! ನಮ್ಮ ಫೋನ್‌ನಲ್ಲಿ ನಾವೇ ಒತ್ತೋದು. "ನಾನು ಯಾರಿಗೂ ಪಿನ್ ಹೇಳಿಲ್ಲ" ಅಂತಾನೇ ಜನ ದುಡ್ಡು ಕಳ್ಕೊಳ್ತಾರೆ. ಆ ವಾಕ್ಯ ಪೂರ್ತಿ ಅರ್ಥ ಆದ್ರೂ ಅವರನ್ನ ಕಾಪಾಡಲ್ಲ.

ಹಾಗಾದ್ರೆ ಅಲ್ಲಿ ಏನು ಬೇಕಿತ್ತು? ಒಂದೇ ಒಂದು ವಿಷಯ ತಲೆಗೆ ಹೋಗಬೇಕಿತ್ತು: ದುಡ್ಡು ಬರೋಕೆ ಪಿನ್ ಬೇಕಿಲ್ಲ.

ನಾನು ಅಂಗಡಿ ಮುಂದಿರೋ ಆ ಮಾತಾಡೋ ಡಬ್ಬಿ ತೋರಿಸಿ ಕೇಳ್ದೆ. "ಐವತ್ತು ರೂಪಾಯಿ ಬಂದಿದೆ ಅಂತ ಇದು ಕೂಗುತ್ತಲ್ಲ, ಆಗ ನೀವು ಯಾವತ್ತಾದ್ರೂ ಪಿನ್ ಒತ್ತಿದ್ದೀರಾ?" ಒಂದು ಕ್ಷಣ ಯೋಚಿಸಿದ್ರು. "ಇಲ್ವಲ್ಲ." ಅಷ್ಟೇ. ಆಮೇಲೆ ಪೇಪರ್ ಮೇಲೆ ಅಕ್ಕಪಕ್ಕ ಎರಡು ಚಿತ್ರ ಬರೆದೆ. ಎಡಗಡೆ, ಅಂಗಡಿಯ ಕ್ಯೂಆರ್ ಕಡೆಗೆ ಗಿರಾಕಿ ಫೋನ್ ಹಿಡಿದಿದ್ದಾನೆ, ಬಾಣ ಅಂಗಡಿಯ ಒಳಗೆ. ಬಲಗಡೆ, ನಿಮ್ಮ ಫೋನ್‌ನಲ್ಲಿ ಪಿನ್ ಕೇಳೋ ಪರದೆ, ಬಾಣ ನಿಮ್ಮ ಖಾತೆಯಿಂದ ಹೊರಗೆ. ಪಿನ್ ಪರದೆಗೆ ಅಂಟ್ಕೊಂಡ ಹಾಗೆ ಒಂದು ಸಾಲು: "ಇಲ್ಲಿ ಪಿನ್ ಒತ್ತಿದ್ರೆ ದುಡ್ಡು ಹೋಗುತ್ತೆ." ಕೆಳಗೆ ದೊಡ್ಡದಾಗಿ ಸೈಬರ್ ಸಹಾಯವಾಣಿ ನಂಬರ್, 1930. ನನ್ನ ಡ್ರಾಯಿಂಗ್ ತೀರಾ ಸುಮಾರು. ಆದ್ರೂ ಅದರ ಫೋಟೋ ತೆಗೆದು ಅವರೇ ಗ್ರೂಪಿಗೆ ಹಾಕ್ಕೊಂಡ್ರು.

ಮಿಂಚಿನ ಪಾಠ, ಮೆಟ್ರೋ ನಕ್ಷೆ

ಇದು ಬರೀ ನನ್ನ ಅನಿಸಿಕೆ ಅಂದ್ಕೋಬೇಡಿ. ಅಮೆರಿಕದ ಸಾಂಟಾ ಬಾರ್ಬರಾದಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದೇ ವಿಷಯದ ಮೇಲೆ ದಶಕಗಳ ಕಾಲ ಪ್ರಯೋಗ ಮಾಡಿದ್ದಾರೆ. ಬರೀ ಪದಗಳಿಗಿಂತ ಪದ ಮತ್ತು ಚಿತ್ರ ಸೇರಿದ್ರೆ ಕಲಿಕೆ ಚೆನ್ನಾಗಿರುತ್ತೆ ಅನ್ನೋದು ಅವರ ಮೊದಲ ಮಾತು. ಆದ್ರೆ ಎಲ್ಲ ಚಿತ್ರಕ್ಕೂ ಆ ಮಾತು ಅನ್ವಯಿಸಲ್ಲ.

ಅವರು ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಮಿಂಚು ಹೇಗೆ ಉಂಟಾಗುತ್ತೆ ಅನ್ನೋದು ಪಾಠ. ಕೆಲವರಿಗೆ ಪಾಠ ಮಾತ್ರ ಕೊಟ್ರು. ಇನ್ನು ಕೆಲವರಿಗೆ ಅದೇ ಪಾಠದ ಜೊತೆ ಮಿಂಚು ಹೊಡೆದ ಜನ, ವಿಮಾನ ಅಂತ ರೋಚಕವಾದ ಸಂಗತಿಗಳನ್ನ, ಫೋಟೋಗಳನ್ನ ಸೇರಿಸಿ ಕೊಟ್ರು. ಮಜಾ ಇದ್ದಿದ್ದು ಎರಡನೇ ಪಾಠದಲ್ಲಿ. ಆದ್ರೆ ಮಿಂಚು ಹೇಗೆ ಉಂಟಾಗುತ್ತೆ ಅನ್ನೋದನ್ನ ಚೆನ್ನಾಗಿ ನೆನಪಿಟ್ಟುಕೊಂಡೋರು ಮೊದಲ ಪಾಠ ಓದಿದೋರು. ನಮ್ಮ ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳೋದು ಸ್ವಲ್ಪವೇ. ಆ ಜಾಗಕ್ಕೆ ವಿಮಾನ ಬಂದು ಕೂತ್ರೆ, ಮೋಡದ ವಿದ್ಯುತ್ ಕಣಗಳು ಎಲ್ಲಿ ಕೂರಬೇಕು?

ಹಾಗಂದ್ರೆ ಏನು ಬಿಡಬೇಕು ಅನ್ನೋದು ಏನು ಹಾಕಬೇಕು ಅನ್ನೋದಷ್ಟೇ ಮುಖ್ಯ. ನಮ್ಮ ಮೆಟ್ರೋ ನಕ್ಷೆ ನೋಡಿ. ನೇರಳೆ ಗೆರೆ, ಹಸಿರು ಗೆರೆ, ಮೆಜೆಸ್ಟಿಕ್‌ನಲ್ಲಿ ಎರಡೂ ಸೇರ್ತವೆ. ರೈಲಿನ ಒಳಗಿರೋ ಆ ಪಟ್ಟಿ ನಕ್ಷೆಯಲ್ಲಿ ಯಾವ ರಸ್ತೆ ಎಲ್ಲಿ ತಿರುಗುತ್ತೆ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಎಷ್ಟು ದೂರ ಅನ್ನೋದು ಇರಲ್ಲ. ಈ ಥರದ ನಕ್ಷೆಗೆ ದಾರಿ ಮಾಡಿದ್ದು ಲಂಡನ್‌ನ ಹ್ಯಾರಿ ಬೆಕ್ ಅನ್ನೋ ಡ್ರಾಫ್ಟ್ಸ್‌ಮನ್. 1933ರಲ್ಲಿ ಅವರ ನಕ್ಷೆ ಜನರ ಕೈಗೆ ಬಂತು. ನೆಲದಡಿ ರೈಲಲ್ಲಿ ಹೋಗೋನಿಗೆ ಮೇಲಿನ ಬೀದಿಗಳ ಚಿಂತೆ ಯಾಕೆ, ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು, ಎಲ್ಲಿ ಇಳಿಯಬೇಕು ಅಷ್ಟೇ ಸಾಕಲ್ವಾ? ಅವರು ಭೂಗೋಳ ಕೈಬಿಟ್ಟು ದಾರಿ ತೋರಿಸಿದ್ರು. ಪಾಠದ ಚಿತ್ರ ಬರೆಯುವಾಗ ಇದನ್ನೇ ಕೇಳಿಕೊಳ್ಳಿ: ನೋಡೋನು ಎಲ್ಲಿ ಇಳಿಯಬೇಕು?

ಸವಕಳಿ ಅಂದ್ರೆ ಸವೆಯೋದು

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಪಿಯುಸಿಯಲ್ಲಿ ಕಾಮರ್ಸ್ ತಗೊಳ್ಳೋ ಹುಡುಗ ಹುಡುಗಿಯರಿಗೆ ಅಕೌಂಟೆನ್ಸಿ ಹೇಗಿರುತ್ತೆ ಗೊತ್ತಾ? ಡಿಪ್ರಿಸಿಯೇಷನ್ ಅಂತ ಒಂದು ಪದ ಬರುತ್ತೆ. ಯೂಟ್ಯೂಬ್ ತೆಗೆದ್ರೆ ಥಂಬ್‌ನೇಲ್‌ನಲ್ಲಿ ನಾಣ್ಯದ ರಾಶಿ ಮೇಲೆ ಗಿಡ ಬೆಳೀತಿರೋ ಫೋಟೋ. ಡಿಪ್ರಿಸಿಯೇಷನ್ ಅಂದ್ರೆ ಬೆಲೆ ಇಳಿಯೋದು, ಅಲ್ಲಿ ನೋಡಿದ್ರೆ ಗಿಡ ಬೆಳೀತಾ ಇದೆ!

ಕನ್ನಡದಲ್ಲಿ ಇದಕ್ಕೆ ಸವಕಳಿ ಅಂತೀವಿ. ಎಂಥಾ ಒಳ್ಳೇ ಪದ ನೋಡಿ. ಚಪ್ಪಲಿ ಸವೆಯುತ್ತೆ, ಟೈರ್ ಸವೆಯುತ್ತೆ, ಸವೆದ ಹಾಗೆ ಬೆಲೆನೂ ಇಳಿಯುತ್ತೆ. ಒಂದು ಆಟೋ ತಗೊಳ್ಳೋಣ. ಬೆಲೆ 3 ಲಕ್ಷ. ಐದು ವರ್ಷ ಓಡುತ್ತೆ, ಕೊನೆಗೆ ಗುಜರಿಗೆ 50 ಸಾವಿರ ಸಿಗುತ್ತೆ ಅಂದ್ಕೊಳ್ಳಿ. ಎರಡೂವರೆ ಲಕ್ಷವನ್ನ ಐದು ವರ್ಷಕ್ಕೆ ಸಮನಾಗಿ ಹಂಚಿದ್ರೆ ವರ್ಷಕ್ಕೆ 50 ಸಾವಿರ. ಈಗ ಆರು ಕಂಬ ಬರೀರಿ. 3 ಲಕ್ಷ, ಎರಡೂವರೆ, ಎರಡು, ಒಂದೂವರೆ, ಒಂದು, ಅರ್ಧ. ಮೆಟ್ಟಿಲು ಇಳಿದ ಹಾಗೆ. ಪ್ರತಿ ಕಂಬದ ಸಂಖ್ಯೆಯನ್ನ ಆ ಕಂಬದ ತಲೆ ಮೇಲೇ ಬರೀರಿ. ಮೂಲೆಯಲ್ಲಿ ಬೇರೆ ಪಟ್ಟಿ ಮಾಡಿ "ನೀಲಿ ಅಂದ್ರೆ ಎರಡನೇ ವರ್ಷ" ಅಂತ ಬರೆದ್ರೆ ಕಣ್ಣು ಅಲ್ಲಿಗೂ ಇಲ್ಲಿಗೂ ಓಡಾಡಿಯೇ ಸುಸ್ತಾಗುತ್ತೆ. ಮೇಲಾಗಿ ಕೆಂಪು ಹಸಿರು ವ್ಯತ್ಯಾಸ ಕಾಣದೇ ಇರೋರೂ ನಮ್ಮ ನಡುವೆ ಇದ್ದಾರೆ. ಬಣ್ಣ ಒಂದನ್ನೇ ನಂಬಿ ಅರ್ಥ ಹೇಳಬಾರದು.

ಪದದ ಬಗ್ಗೆ ಇನ್ನೊಂದು ಮಾತು. ಪರೀಕ್ಷೆಯಲ್ಲಿ ಡಿಪ್ರಿಸಿಯೇಷನ್ ಅಂತಾನೇ ಬರಬಹುದು. ಹಾಗಾಗಿ ಮೊದಲ ಸಲ ಎರಡನ್ನೂ ಹೇಳಿ: "ಡಿಪ್ರಿಸಿಯೇಷನ್, ಅಂದ್ರೆ ಸವಕಳಿ." ಆಮೇಲೆ ಯಾವುದಾದ್ರೂ ಒಂದನ್ನೇ ಕೊನೆತನಕ ಬಳಸಿ. ಒಂದು ಪುಟದಲ್ಲಿ ಸವಕಳಿ, ಇನ್ನೊಂದರಲ್ಲಿ ಮೌಲ್ಯಕುಸಿತ, ಮತ್ತೊಂದರಲ್ಲಿ ಅಪಮೌಲ್ಯ ಅಂದ್ರೆ ಹೊಸಬರು ಮೂರೂ ಬೇರೆ ಬೇರೆ ವಿಷಯ ಅಂದ್ಕೊಳ್ತಾರೆ. ಪ್ರಬಂಧದಲ್ಲಿ ಪದ ಬದಲಾಯಿಸಿದ್ರೆ ಚೆಂದ, ಪಾಠದಲ್ಲಿ ಗೊಂದಲ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಪಾಠ ಅರ್ಥ ಆಗದೇ ಇದ್ದಾಗ "ಪಾಠ ಸರಿಯಿಲ್ಲ" ಅನ್ನೋ ವಿದ್ಯಾರ್ಥಿಗಳು ಕಡಿಮೆ. "ನನಗೇ ತಲೆ ಇಲ್ಲ" ಅಂದ್ಕೊಳ್ಳೋರೇ ಜಾಸ್ತಿ. ಕ್ಲಾಸಿನಲ್ಲಾದ್ರೆ ಮೇಷ್ಟ್ರು ಮುಖ ನೋಡಿ ಇನ್ನೊಂದು ಸಲ ಹೇಳ್ತಾರೆ. ಫೋನಲ್ಲಿ ಯಾರು ಮುಖ ನೋಡ್ತಾರೆ? ಆ ಹುಡುಗಿ ವಿಡಿಯೋ ಮುಚ್ಚಿ, ಕೊನೆಗೆ ಸಬ್ಜೆಕ್ಟನ್ನೇ ಬಿಟ್ಟುಬಿಡ್ತಾಳೆ.

ಕತ್ತೆ ಕತೆ ಆದಾಗ

ಈಗ ಫೋನ್ ಪರದೆಯ ವಿಷಯ. ಲ್ಯಾಪ್‌ಟಾಪ್‌ನಲ್ಲಿ ಕೂತು ಮಾಡಿದ ಸ್ಲೈಡ್ ನೋಡೋದು ಅಂಗೈ ಅಗಲದ ಪರದೆಯಲ್ಲಿ. ಇಂಗ್ಲಿಷ್ ಅಕ್ಷರ ಸಣ್ಣದಾದ್ರೂ ಹೇಗೋ ಓದಬಹುದು. ಕನ್ನಡಕ್ಕೆ ಒತ್ತಕ್ಷರ ಇದೆ, ಅದು ಸಾಲಿನ ಕೆಳಗೆ ಕೂರುತ್ತೆ. ಸಾಲುಗಳನ್ನ ಒತ್ತೊತ್ತಾಗಿ ಹಾಕಿದ್ರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತೆ. ಚಿತ್ರವಾಗಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಅದು ಕುಗ್ಗಿ ಮಸುಕಾಗುತ್ತೆ. ಒತ್ತು ಹೋದ್ರೆ ಕತ್ತೆ ಕತೆ ಆಗುತ್ತೆ! ಹಾಗಾಗಿ ಕನ್ನಡಕ್ಕೆ ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗ ಜಾಸ್ತಿ ಇರಲಿ, ಸ್ಲೈಡಿನಲ್ಲಿ ಮಾತು ಕಡಿಮೆ ಇರಲಿ.

ಹಿನ್ನೆಲೆಗೆ ಸೂರ್ಯಾಸ್ತದ ಫೋಟೋ ಹಾಕಿ ಮೇಲೆ ಹಳದಿ ಅಕ್ಷರ ಬರೆಯೋ ಅಭ್ಯಾಸ ಬಿಡೋಣ. ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ಅದು ಕಾಣೋದೇ ಇಲ್ಲ. ವೆಬ್ ಪುಟ ಎಲ್ಲರಿಗೂ ಸಿಗಬೇಕು ಅಂತ ಮಾಡಿರೋ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅನುಪಾತದ ವ್ಯತ್ಯಾಸ ಇರಬೇಕು. ಇದನ್ನ ಅಳೆದು ಹೇಳೋ ಉಚಿತ ಟೂಲ್‌ಗಳು ಇವೆ. ಅದೆಲ್ಲ ಬೇಡ ಅಂದ್ರೆ ಬಿಳಿ ಮೇಲೆ ಕಪ್ಪು ಬರೀರಿ, ಮುಗೀತು.

ಇನ್ನೊಂದು. ದೃಷ್ಟಿ ಇಲ್ಲದ ವಿದ್ಯಾರ್ಥಿಗಳು ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಥರದ ಸಾಧನದಿಂದ ಪಾಠ ಕೇಳಿಸಿಕೊಳ್ತಾರೆ. ಅಕ್ಷರವನ್ನ ಅಕ್ಷರವಾಗೇ ಹಾಕಿದ್ರೆ ಫೋನ್ ಅದನ್ನ ಓದಿ ಹೇಳುತ್ತೆ. ಇಡೀ ನೋಟ್ಸನ್ನ ಫೋಟೋ ಮಾಡಿ ಹಾಕಿದ್ರೆ ಎಷ್ಟೋ ಸಲ ಕೇಳಿಸೋದು "ಚಿತ್ರ" ಅಂತ ಮಾತ್ರ. ಚಿತ್ರ ಹಾಕುವಾಗ ಜೊತೆಗೆ ಒಂದು ವಿವರಣೆ ಬರೀರಿ. "ಗ್ರಾಫ್" ಅಂತ ಬರೆದ್ರೆ ಸಾಲದು. "ಆಟೋ ಬೆಲೆ ಪ್ರತಿ ವರ್ಷ 50 ಸಾವಿರದಂತೆ ಇಳಿಯೋದನ್ನ ತೋರಿಸೋ ಆರು ಕಂಬಗಳು" ಅಂತ ಬರೀರಿ.

ಫೋನ್ ಪರೀಕ್ಷೆ

ಇಲ್ಲೇ ನಾನು ಬಳಸೋ ಒಂದು ಸುಲಭ ಪರೀಕ್ಷೆ ಹೇಳ್ತೀನಿ. ಪಾಠ ಮುಗಿಸಿದ ಮೇಲೆ ಗೆಳೆಯನಿಗೆ ಕಾಲ್ ಮಾಡಿ. ವಿಡಿಯೋ ಕಾಲ್ ಬೇಡ, ಮಾಮೂಲಿ ಕಾಲ್. ಒಂದೊಂದು ಚಿತ್ರವನ್ನೂ ಬಾಯಲ್ಲಿ ವಿವರಿಸಿ. "ಇದು ಏನನ್ನ ಅರ್ಥ ಮಾಡಿಸುತ್ತೆ" ಅಂತ ಒಂದು ವಾಕ್ಯದಲ್ಲಿ ಹೇಳೋಕಾದ್ರೆ ಆ ಚಿತ್ರ ಇಟ್ಕೊಳ್ಳಿ. ಹೇಳಿದ ವಾಕ್ಯವನ್ನೇ ಚಿತ್ರದ ವಿವರಣೆಗೆ ಹಾಕಿ. "ಸುಮ್ನೆ, ಚೆನ್ನಾಗಿ ಕಾಣ್ಲಿ ಅಂತ" ಅನ್ನೋ ಉತ್ತರ ಬಂದ್ರೆ ತೆಗೆದುಹಾಕಿ. ಫೈಲ್ ಚಿಕ್ಕದಾಗುತ್ತೆ, ಕಲಿಯೋರ ಡೇಟಾನೂ ಉಳಿಯುತ್ತೆ.

ಹಾಗಂತ ಪಾಠ ಬೋಳು ಬೋಳಾಗಿರಬೇಕು ಅಂತ ಹೇಳ್ತಿಲ್ಲ. ಮೊದಲ ಪುಟದಲ್ಲಿ ಒಂದು ನಗು ತರಿಸೋ ಚಿತ್ರ ಇದ್ರೆ ತಪ್ಪೇನಿಲ್ಲ, ಆಸಕ್ತಿ ಹುಟ್ಟಿಸೋದೂ ಒಂದು ಕೆಲಸಾನೇ. ಆದ್ರೆ ಕಷ್ಟದ ವಿಷಯ ವಿವರಿಸೋ ಪುಟಕ್ಕೆ ಬಂದಾಗ ಅಲಂಕಾರವನ್ನ ಬದಿಗಿಡಿ. ಮತ್ತೆ, ಮಾಡಿದ ಪಾಠವನ್ನ ಎಲ್ಲರಿಗೂ ಕಳಿಸೋ ಮುಂಚೆ ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಈಗ ನೀವು ಏನು ಮಾಡ್ತೀರಿ" ಅಂತ ಕೇಳಿ. ಪಿನ್ ಒತ್ತಲ್ಲ ಅಂದ್ರೆ ಪಾಠ ಗೆದ್ದಿದೆ.

ಇವತ್ತಿಗೆ ಇಷ್ಟು. ನೀವು ನೋಡಿದ ಅತಿ ಒಳ್ಳೇ ಪಾಠದ ಚಿತ್ರ, ಅಥವಾ ಅತಿ ಅರ್ಥವಿಲ್ಲದ ಚಿತ್ರ ಯಾವುದು ಅಂತ ವಾಯ್ಸ್ ಮೆಸೇಜ್ ಕಳಿಸಿ. ಫೋಟೋ ಕಳಿಸಬೇಡಿ, ಬಾಯಲ್ಲೇ ವಿವರಿಸಿ. ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಎಲ್ಲರಿಗೂ ಕೇಳಿಸ್ತೀನಿ. ಅಲ್ಲೀವರೆಗೂ ಆರಾಮಾಗಿರಿ. ಪರೀಕ್ಷೆ ಮುಂದಕ್ಕೆ ಹಾಕಿದೋರು ಹೋಗಿ ಓದ್ಕೊಳ್ಳಿ. ನಮಸ್ಕಾರ.