ಕೂಸಿನ ಸೊಂಟದ ಕೀಲು: ಮೊದಲ ಆರು ತಿಂಗಳ ಮಾತು

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಭಾಷಣ)



ನೆರವು ನಿಧಿ ಎಂದೊಡನೆ ನಮಗೆ ಹೃದಯದ ಆಪರೇಷನ್, ಡಯಾಲಿಸಿಸ್ ನೆನಪಾಗುತ್ತವೆ. ನಾನು ಹೇಳಹೊರಟಿರುವ ತೊಂದರೆಗೆ ಸಮಯಕ್ಕೆ ನೋಡಿದರೆ ಹೆಚ್ಚು ದುಡ್ಡು ಬೇಕಿಲ್ಲ. ತಡವಾದರೆ ಮಾತ್ರ ಅದು ನಿಧಿಯನ್ನೂ ಮನೆಯನ್ನೂ ಬರಿದು ಮಾಡುತ್ತದೆ.

ತೊಡೆಯ ಮೂಳೆಯ ತುದಿಯಲ್ಲಿ ಒಂದು ಗುಂಡು, ಸೊಂಟದ ಮೂಳೆಯಲ್ಲಿ ಅದು ಕೂರುವ ಒಂದು ಬಟ್ಟಲು. ಕೆಲವು ಕೂಸುಗಳಲ್ಲಿ ಬಟ್ಟಲು ಆಳವಾಗಿರುವುದಿಲ್ಲ, ಗುಂಡು ಜಾರುತ್ತದೆ. ಪೂರ್ತಿ ಜಾರಿದ ಕೀಲು ಸಾವಿರಕ್ಕೆ ಒಂದೆರಡು ಕೂಸುಗಳಲ್ಲಿ ಎನ್ನುತ್ತಾರೆ; ಸಡಿಲ ಕೀಲು ಅದಕ್ಕಿಂತ ಹೆಚ್ಚು. ಕೂಸಿಗೆ ನೋವಿಲ್ಲ, ಅಳುವುದಿಲ್ಲ. ಗೊತ್ತಾಗದೆ ಉಳಿಯುವುದೇ ಇದರಿಂದ.

ಕೆಲವು ವರ್ಷಗಳ ಹಿಂದೆ ಒಂದೂವರೆ ವರ್ಷದ ಹೆಣ್ಣು ಮಗುವನ್ನು ಅಜ್ಜಿ ಎತ್ತಿಕೊಂಡು ಬಂದರು. "ಡಾಕ್ಟರ್ರೇ, ಇದರ ಗೆಜ್ಜೆ ಸದ್ದು ಒಂದೇ ಸಮ ಬರೋದಿಲ್ಲ ನೋಡ್ರಿ" ಅಂದರು. ನಡೆಸಿ ನೋಡಿದೆ. ಎಡಗಾಲು ಎಳೆಯುತ್ತಿತ್ತು. ಚೊಚ್ಚಲ ಹೆರಿಗೆ, ಕೂಸು ಹೊಟ್ಟೆಯಲ್ಲಿ ತಲೆ ಮೇಲಾಗಿ ಕೂತಿತ್ತು, ಸಿಸೇರಿಯನ್ ಆಗಿತ್ತು. ಹೆರಿಗೆ ತವರಿನಲ್ಲಿ, ಮೊದಲ ಲಸಿಕೆಗಳು ಅಲ್ಲೇ, ಐದನೇ ತಿಂಗಳಿಗೆ ನಾಶಿಕಕ್ಕೆ ಮರಳಿದ್ದರು. ತಪ್ಪಿನಲ್ಲಿ ನನ್ನ ಪಾಲೂ ಇದೆ. ಏಳನೇ ತಿಂಗಳಲ್ಲಿ ಕೆಮ್ಮೆಂದು ಅದೇ ಕೂಸನ್ನು ನನ್ನ ಬಳಿ ತಂದಿದ್ದರು. ಎದೆ ನೋಡಿ ಔಷಧಿ ಕೊಟ್ಟು ಕಳಿಸಿದ್ದೆ. ತೊಡೆ ಅಗಲಿಸಿ ನೋಡಿರಲಿಲ್ಲ. ಅರ್ಧ ನಿಮಿಷದ ಕೆಲಸ.

ಆ ಅರ್ಧ ನಿಮಿಷದ ಪರೀಕ್ಷೆಯನ್ನು ಇಟಲಿಯ ಒರ್ಟೊಲಾನಿ 1937ರಲ್ಲಿ, ಇಂಗ್ಲೆಂಡಿನ ಬಾರ್ಲೊ 1962ರಲ್ಲಿ ವಿವರಿಸಿದರು. ಯಂತ್ರ ಬೇಡ, ಪಳಗಿದ ಎರಡು ಕೈ ಸಾಕು. ಆದರೆ ಎರಡು ಮೂರು ತಿಂಗಳಾದ ಮೇಲೆ ಕೀಲು ಬಿಗಿಯಾಗಿ ಕೈಗೆ ಆ ಜಾರುವಿಕೆ ಸಿಗುವುದು ಕಡಿಮೆ. ಆಗ ಒಂದು ತೊಡೆ ಇನ್ನೊಂದರಷ್ಟು ಹೊರಕ್ಕೆ ಅಗಲುತ್ತದೆಯೇ, ಮೊಣಕಾಲು ಮಡಚಿದರೆ ಎರಡೂ ಒಂದೇ ಎತ್ತರವೇ ಎಂದು ನೋಡಬೇಕು. ಇದನ್ನು ಬಟ್ಟೆ ಬದಲಿಸುವಾಗ ತಾಯಿಯೇ ಗಮನಿಸಬಹುದು. ಕೂಸು ತಲೆ ಮೇಲಾಗಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದಿದ್ದರೆ, ಕೈಗೆ ಏನೂ ಸಿಗದಿದ್ದರೂ ಆರು ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿ. ಆ ವಯಸ್ಸಿನಲ್ಲಿ ಗುಂಡು ಇನ್ನೂ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಆರು ತಿಂಗಳೊಳಗೆ ಸಿಕ್ಕರೆ ಹೆಚ್ಚಿನ ಕೂಸುಗಳಿಗೆ ಪಾವ್ಲಿಕ್ ಪಟ್ಟಿ ಸಾಕು. ಕಾಲುಗಳನ್ನು ಮಡಚಿ ಅಗಲಿಸಿ ಹಿಡಿಯುವ ಬಟ್ಟೆಯ ಪಟ್ಟಿಗಳು. ಕೆಲವು ವಾರ, ಹಗಲೂ ರಾತ್ರಿ. ಅಲ್ಲಿಂದ ಮುಂದೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ ಎದೆಯಿಂದ ಕಾಲಿನವರೆಗೆ ಪ್ಲಾಸ್ಟರ್. ಒಂದೂವರೆ ವರ್ಷ ದಾಟಿದರೆ ಸಾಮಾನ್ಯವಾಗಿ ಮೂಳೆ ಕತ್ತರಿಸಿ ಜೋಡಿಸುವ ಆಪರೇಷನ್. ಆ ಗೆಜ್ಜೆಯ ಮಗುವಿಗೆ ಆದದ್ದು ಇದೇ. ಈಗ ಓಡಾಡುತ್ತದೆ, ಆದರೆ ಸೊಂಟದ ಮೇಲೆ ಉದ್ದನೆಯ ಗಾಯದ ಗುರುತಿದೆ, ಅಪ್ಪನ ತಲೆಯ ಮೇಲೆ ಸಾಲವಿದೆ.

ಬಾಣಂತನ ಮಾಡುವ ಹಿರಿಯರಲ್ಲಿ ಒಂದು ಮಾತು. ಎರೆದ ಮೇಲೆ ಕೂಸಿನ ಕಾಲು ನೀಟಾಗಿ ಚಾಚಿ ಬಿಗಿಯಾಗಿ ಸುತ್ತಬೇಡಿ. ಎದೆ, ಕೈ ಬೆಚ್ಚಗಿರಲಿ, ಕಾಲು ಮಡಚಲು ಜಾಗ ಬಿಡಿ. ಜಪಾನಿನಲ್ಲಿ 1975ರ ಸುಮಾರಿಗೆ ಇದನ್ನೇ ಊರೂರಿಗೆ ಹೇಳಿ ಈ ತೊಂದರೆಯನ್ನು ಬಹಳ ಇಳಿಸಿದರು. ನಾವು ಕೂಸನ್ನು ಸೊಂಟದ ಮೇಲೆ ಕೂರಿಸಿ ಎತ್ತಿಕೊಳ್ಳುತ್ತೇವಲ್ಲ, ಅದು ಒಳ್ಳೆಯದು, ಬಿಡಬೇಡಿ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರುವರಿಯಲ್ಲಿ ನಮ್ಮ ಮಹಾರಾಷ್ಟ್ರದ ಪಾಲ್ಘರಿನಲ್ಲೇ ಶುರುವಾಯಿತು. ಅದರ 30 ತೊಂದರೆಗಳ ಪಟ್ಟಿಯಲ್ಲಿ ಇದೂ ಇದೆ. ಕರ್ನಾಟಕದಲ್ಲೂ ಅದೇ ಪಟ್ಟಿ. ನಮ್ಮ ಕಷ್ಟ ಬೇರೆ: ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ವಿಜಯಪುರ, ಕಲಬುರಗಿ, ಹುಬ್ಬಳ್ಳಿ ಕಡೆ ಹೋಗುತ್ತಾರೆ, ಮೂರು ನಾಲ್ಕು ತಿಂಗಳಿಗೆ ಬರುತ್ತಾರೆ. ಅಲ್ಲಿಯವರು ಇಲ್ಲಿ ನೋಡುತ್ತಾರೆ ಅಂದುಕೊಳ್ಳುತ್ತಾರೆ, ಇಲ್ಲಿಯವರು ಅಲ್ಲಿ ನೋಡಿರಬೇಕು ಅಂದುಕೊಳ್ಳುತ್ತೇವೆ. ತಾಯಿ ಕಾರ್ಡು ಕೂಸಿನ ಜೊತೆಗೇ ಬರಲಿ. 6, 10, 14 ವಾರದ ಲಸಿಕೆಗೆ ಹೋದಾಗ "ಸೊಂಟ ನೋಡ್ರಿ" ಎಂದು ಬಾಯಿಬಿಟ್ಟು ಕೇಳಿ. ವೈದ್ಯರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ದಾನಿಗಳಲ್ಲಿ ನನ್ನ ಕೋರಿಕೆ. ನಾಶಿಕದ ಸಿವಿಲ್ ಆಸ್ಪತ್ರೆ, ಸಂಭಾಜಿನಗರದ ಘಾಟಿ ಆಸ್ಪತ್ರೆ ನಮಗೆ ಹತ್ತಿರದವು. ಕಷ್ಟದ ಪ್ರಕರಣವಾದರೆ ಮುಂಬೈನ ಪರೇಲ್‌ನಲ್ಲಿರುವ ವಾಡಿಯಾ ಮಕ್ಕಳ ಆಸ್ಪತ್ರೆಯವರೆಗೂ ಹೋಗಬೇಕಾದೀತು. ಬೆಳಿಗ್ಗೆ ಪಂಚವಟಿ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿಗೆ ಮರಳಬಹುದು, ಸರಿ. ಆದರೆ ದಿನಗೂಲಿಯವನಿಗೆ ಪಟ್ಟಿ ಸರಿಮಾಡಿಸಲು ಹೋದ ಪ್ರತಿ ದಿನವೂ ಕೂಲಿ ಹೋದ ದಿನ. ಎರಡು ಸಲ ಹೋಗಿ ಮೂರನೇ ಸಲ ಬಿಡುತ್ತಾರೆ, ಕೀಲು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಆಪರೇಷನ್ ಬಿಲ್ಲಿಗಷ್ಟೇ ಅಲ್ಲ, ಅಲ್ಟ್ರಾಸೌಂಡಿಗೆ, ಪಟ್ಟಿಗೆ, ರೈಲು ಟಿಕೆಟ್ಟಿಗೆ, ತಪ್ಪಿದ ಕೂಲಿಗೂ ನಿಧಿಯಿಂದ ಕೊಡುವಂತಾಗಲಿ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಕೆಲಸದವರ ಮನೆಯಲ್ಲಿ ಆರು ತಿಂಗಳೊಳಗಿನ ಕೂಸಿದ್ದರೆ ಸಮಿತಿಯವರಿಗೆ ತಿಳಿಸಿ. ಕನ್ನಡದವರೇ ಆಗಬೇಕೆಂದಿಲ್ಲ. ನಾನು ನೋಡಿಕೊಡುತ್ತೇನೆ, ಫೀ ಇಲ್ಲ. ಕಾರ್ಡು ಮರೆಯದೆ ತನ್ನಿ.