ಇಲಿ ಬಿತ್ತು: ಕಥೆಯ ಮಾತನ್ನು ಓದುವುದು ಹೇಗೆ

ಹಾಸನದ ಬಸ್ ನಿಲ್ದಾಣದಲ್ಲಿ ದಿನವೂ ಕೇಳುವ ಮಾತಿನಿಂದ ಶುರು ಮಾಡುತ್ತೇನೆ. ‘ಅರಕಲಗೂಡು ಬಂತಾ?’ ಎಂದು ಒಬ್ಬರು ಕೇಳುತ್ತಾರೆ. ‘ಅಯ್ಯೋ, ಈಗ ತಾನೇ ಹೋಯ್ತಲ್ಲ!’ ಎಂದು ಪಕ್ಕದವರು ಹೇಳುತ್ತಾರೆ. ಊರು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೂ ಇಬ್ಬರಿಗೂ ಗೊಂದಲವಿಲ್ಲ. ಊರೆಂದರೆ ಇಲ್ಲಿ ಬಸ್ಸು. ಇದನ್ನೇ ನಮ್ಮ ಕಾವ್ಯಮೀಮಾಂಸೆ ಲಕ್ಷಣೆ ಎಂದು ಕರೆಯಿತು.

ಲಕ್ಷಣೆಗೆ ಶಾಸ್ತ್ರಕಾರರು ಕೊಡುವ ಹಳೆಯ ಉದಾಹರಣೆ ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’. ನೀರಿನ ಮೇಲೆ ಹಳ್ಳಿ ನಿಲ್ಲದು, ಆದ್ದರಿಂದ ಗಂಗೆಯ ದಡದಲ್ಲಿ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ದಡ ಎನ್ನದೆ ಗಂಗೆ ಎಂದೇ ಹೇಳಿದ್ದರಿಂದ ಆ ಹಳ್ಳಿಯ ತಂಪು, ಪಾವಿತ್ರ್ಯ ಮನಸ್ಸಿಗೆ ಬರುತ್ತದಲ್ಲ, ಅದು ವ್ಯಂಜನೆ, ಅದೇ ಧ್ವನಿಯ ದಾರಿ. ನಾವು ಗಂಗೆಯವರೆಗೂ ಹೋಗಬೇಕಾಗಿಲ್ಲ, ಹೇಮಾವತಿ ದಂಡೆಯ ಹೊಳೆನರಸೀಪುರವೇ ಸಾಕು. ಆ ಹೆಸರನ್ನು ಕೇಳಿದವರು ಯಾರೂ ಊರು ನೀರಿನಲ್ಲಿದೆ ಎಂದುಕೊಳ್ಳುವುದಿಲ್ಲ, ಆದರೆ ಹೊಳೆಯ ತಂಪು ಮಾತ್ರ ಹೆಸರಿನ ಜೊತೆಗೇ ಬರುತ್ತದೆ. ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿ ಧ್ವನಿಯನ್ನು ಕಾವ್ಯದ ಆತ್ಮವೆಂದ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ ಧ್ವನಿಯನ್ನು ಹೆಸರಿಸಿ ಹೇಳುತ್ತದೆ. ಹಾಗಾಗಿ ಅಲಂಕಾರ, ಧ್ವನಿ, ಪ್ರತಿಮೆ ಎಂದ ಕೂಡಲೇ ಅಂಜಬೇಕಾಗಿಲ್ಲ. ಅವು ನಮ್ಮ ದಿನದ ಮಾತಿನಲ್ಲೇ ಇವೆ. ಕಾದಂಬರಿ ಓದುವಾಗ ಮಾತ್ರ ನಾವು ಅವಸರದಲ್ಲಿ ಅವನ್ನು ದಾಟಿಬಿಡುತ್ತೇವೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನೇ ತೆಗೆದುಕೊಳ್ಳಿ. ಅದು ಸ್ವಾತಂತ್ರ್ಯಪೂರ್ವದ ಇದೇ ಸೀಮೆಯ ಕಥೆ. ಆ ಕಾಲದ ಹಳ್ಳಿಗಳಲ್ಲಿ ಎರಡು ಪದದ ಒಂದು ಮಾತಿತ್ತು: ‘ಇಲಿ ಬಿತ್ತು.’ ಇಂದಿನ ಹುಡುಗರಿಗೆ ಹೇಳಿದರೆ ‘ಎಲ್ಲಿಂದ ಬಿತ್ತು?’ ಎಂದು ಕೇಳಬಹುದು. ವಾಚ್ಯಾರ್ಥ ಅಷ್ಟೇ, ಒಂದು ಇಲಿ ಸತ್ತು ಬಿತ್ತು. ಲಕ್ಷ್ಯಾರ್ಥ, ಊರಿಗೆ ಪ್ಲೇಗು ಬಂತು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಆ ಮಾರಿಯನ್ನು ಜನ ಇಲಿಯಿಂದಲೇ ಗುರುತಿಸುತ್ತಿದ್ದರು. ಇನ್ನು ವ್ಯಂಗ್ಯಾರ್ಥ: ಗಂಟು ಕಟ್ಟು, ಮನೆಗೆ ಬೀಗ ಹಾಕು, ಊರಾಚೆ ಗುಡಿಸಲು ಹಾಕು, ಮಕ್ಕಳನ್ನು ಲೆಕ್ಕ ಹಾಕಿಕೋ. ನನ್ನ ಅಜ್ಜಿ ಈ ಮಾತನ್ನು ಯಾವಾಗ ಹೇಳಿದರೂ ದನಿ ತಗ್ಗಿಸುತ್ತಿದ್ದರು. ಆ ತಗ್ಗಿದ ದನಿಯನ್ನು ಕೇಳಿದ ಮೇಲೆ, ಪ್ಲೇಗು ಕಾದಂಬರಿಯ ನಾಯಕಿ ನಂಜಮ್ಮನ ಇಬ್ಬರು ಮಕ್ಕಳನ್ನು ಒಯ್ಯುವ ಭಾಗವನ್ನು ನಾನು ಮೊದಲಿನಂತೆ ಓದಲಾರೆ.

ಅದೇ ಕಾದಂಬರಿಯಲ್ಲಿ ನಂಜಮ್ಮ ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುತ್ತಾಳೆ. ‘ಹಚ್ಚುವುದು’ ಎಂದರೆ ಇಲ್ಲಿ ದೀಪ ಹಚ್ಚುವುದಲ್ಲ, ಬಣ್ಣ ಹಚ್ಚುವುದೂ ಅಲ್ಲ. ಎಲೆಗೆ ಎಲೆ ಸೇರಿಸಿ ಸಣ್ಣ ಕಡ್ಡಿ ಚುಚ್ಚಿ ಊಟದೆಲೆ ಮಾಡುವುದು. ಕೊಯ್ದು ತಂದ ಎಲೆಯನ್ನು ಬಾಡಿಸಬೇಕು, ಸುರುಟದಂತೆ ಭಾರ ಹೇರಬೇಕು, ಕಡ್ಡಿ ಸೀಳಬೇಕು, ಕೂತು ಹಚ್ಚಬೇಕು. ಇಷ್ಟು ದುಡಿಮೆಯ ಎಲೆಯಲ್ಲಿ ಯಾರೋ ಒಂದು ಹೊತ್ತು ಉಂಡು ಎಸೆಯುತ್ತಾರೆ. ಗಂಡ ಚನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ಬರೆಯುವವಳೂ ಅವಳೇ, ಆ ಕೆಲಸದ ಹೆಸರು ಮಾತ್ರ ಗಂಡನದು. ಎಲೆಯನ್ನೂ ಲೆಕ್ಕದ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವಳ ಇಡೀ ಬಾಳು ಅಲ್ಲಿ ಕಾಣುತ್ತದೆ. ಪ್ರತಿಮೆ ಎಂದರೆ ಇದು. ಹಚ್ಚುವುದು ಎಂಬ ಪದ ಗೊತ್ತಿಲ್ಲದವರಿಗೆ ಆ ಪ್ರತಿಮೆಯೂ ಸಿಗುವುದಿಲ್ಲ. ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದದ್ದು 1963ರಲ್ಲಿ, ಕಾದಂಬರಿ ಬಂದದ್ದು 1970ರಲ್ಲಿ. ಒಂದು ಲೋಕದ ಪದಗಳು ಮರೆಯಾಗತೊಡಗಿದಾಗ ಕಾದಂಬರಿ ಅವನ್ನು ಹಿಡಿದಿಟ್ಟಿತು.

ಶೀರ್ಷಿಕೆಯ ಮುಂದೆಯೂ ಒಂದು ಗಳಿಗೆ ನಿಲ್ಲಿ. ಮನೆ ಮುರಿಯುವುದು ಎಂಬ ಮಾತು ನಮ್ಮಲ್ಲಿದೆ. ‘ಭಂಗ’ ಏಕೆ? ವ್ರತಭಂಗ, ತಪೋಭಂಗ, ಮಾನಭಂಗ ಎಂಬ ಪದಗಳನ್ನು ನೆನೆಯಿರಿ. ಹಾಳಾಗಬಾರದ್ದು, ಕಾಪಾಡಿಕೊಳ್ಳಬೇಕಾದ್ದು ಕೆಟ್ಟಾಗ ನಾವು ಭಂಗ ಎನ್ನುತ್ತೇವೆ. ಮೊದಲ ಪುಟಕ್ಕಿಂತ ಮೊದಲೇ, ಒಂದು ಸಂಸಾರಕ್ಕೂ ವ್ರತದಷ್ಟೇ ಮರ್ಯಾದೆ ಉಂಟು ಎಂದು ಆ ಪದ ಹೇಳಿಬಿಟ್ಟಿದೆ.

ಇದೇ ಹಾಸನ ನಗರದ ಬಾನು ಮುಷ್ತಾಕ್ ಅವರಲ್ಲಿ ಮಾತಿನ ಬಗೆಯೇ ಬೇರೆ. ಕನ್ನಡದೊಳಗೆ ದಖನಿ ಉರ್ದು, ಅರಬ್ಬಿ ಪದಗಳು ಮನೆಮಾತಿನಂತೆ ಓಡಾಡುತ್ತವೆ. ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಣ್ಣು ನ್ಯಾಯ ಕೇಳಿ ಮುತವಲ್ಲಿಯ ಬಳಿ ಹೋಗುತ್ತಾಳೆ. ಮುತವಲ್ಲಿ ಎಂದರೆ ಮಸೀದಿಯ ಆಡಳಿತ ನೋಡುವವರು ಎಂದು ನಿಘಂಟು ಹೇಳೀತು. ಆ ಪದದ ಹಿಂದಿರುವ ಅಧಿಕಾರವನ್ನು, ಅದರೆದುರು ಕೈಚಾಚಿ ನಿಂತವಳ ಅಸಹಾಯಕತೆಯನ್ನು ಕಥೆಯೇ ಹೇಳಬೇಕು. ಶೀರ್ಷಿಕೆಯ ನಾಗರ ಯಾರು ಎಂದು ಅವಸರದಲ್ಲಿ ತೀರ್ಮಾನಿಸಬೇಡಿ, ರೂಪಕ ತನ್ನ ಹೊತ್ತಿಗೆ ತಾನೇ ಹೆಡೆ ಎತ್ತುತ್ತದೆ. 2025ರಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ ಇಲ್ಲಿನ ಪದಗಳನ್ನು ಹಾಗೆಯೇ ಉಳಿಸಿಕೊಂಡರು, ಅಡಿಟಿಪ್ಪಣಿ ಹಾಕಲಿಲ್ಲ. ಹೊರನಾಡಿನ ಓದುಗರು ಆ ಪದಗಳ ಮುಂದೆ ತಾಳ್ಮೆಯಿಂದ ನಿಂತರು. ನಮ್ಮದೇ ಪದಗಳ ಮುಂದೆ ಅಷ್ಟು ತಾಳ್ಮೆ ನಮಗೂ ಬೇಕಲ್ಲವೆ?

ನಾನು ಹೇಳಬೇಕಾದ್ದು ಇಷ್ಟೇ. ತಿಳಿಯದ ಪದ ಬಂದಾಗ ಹಾರಿಸಬೇಡಿ. ಆ ವಾಕ್ಯವನ್ನು ಬಾಯಿಬಿಟ್ಟು ಇನ್ನೊಮ್ಮೆ ಓದಿ. ಆ ಪದವನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ ನೋಡಿ. ಮುಂದೆ ಅದು ಮತ್ತೆ ಬಂದರೆ ಗುರುತು ಹಾಕಿಕೊಳ್ಳಿ, ಒಳ್ಳೆಯ ಕಥೆಗಾರರು ಸುಮ್ಮನೆ ಎರಡು ಸಲ ಹೇಳುವುದಿಲ್ಲ. ನಿಘಂಟನ್ನೂ ತೆಗೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ, 1894ರ ಕಿಟೆಲ್ ನಿಘಂಟು ಇದೆ. ಆದರೆ ಪದದ ದನಿ ಇರುವುದು ಜನರ ಬಾಯಲ್ಲಿ.

ಅದಕ್ಕೇ ಒಂದು ಕೋರಿಕೆ. ಈ ಮಾಲೆಯ ಮುಂದಿನ ಉಪನ್ಯಾಸಕ್ಕೆ ಬರುವಾಗ ಹಾಸನದವರು, ಹೊಳೆನರಸೀಪುರದವರು, ಅರಕಲಗೂಡಿನವರು, ಚನ್ನರಾಯಪಟ್ಟಣದವರು ನಿಮ್ಮ ಮನೆಯ ಹಿರಿಯರಿಂದ ಒಂದೊಂದು ಮಾತು ಕೇಳಿಕೊಂಡು ಬನ್ನಿ. ಅರ್ಥವನ್ನಷ್ಟೇ ಬರೆದುಕೊಂಡರೆ ಸಾಲದು. ಅದನ್ನು ಹೇಳುವಾಗ ಅವರ ದನಿ ಎಲ್ಲಿ ತಗ್ಗಿತು ಎಂಬುದನ್ನೂ ಕೇಳಿಸಿಕೊಂಡು ಬನ್ನಿ.